ತಾನಾಗಿ ನಿಲ್ಲುವ ಕಾರು

ನಮ್ಮ ಭಾವನನ್ನು ಊರಿನವರು ಬ್ರೇಕ್ ಮೇಷ್ಟ್ರು ಎಂದು ಕರೆಯುತ್ತಾರೆ. ತಂದೆತಾಯಿ ಇಟ್ಟ ಹೆಸರೂ ಒಂದಿದೆ, ಆದರೆ ಅದು ಈಗ ಅವರ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಇಪ್ಪತ್ತಾರು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾರೆ. ಒಂದು ಕೋಣೆ, ಒಂದು ಮೇಜು, ಗೋಡೆಗೆ ರಸ್ತೆ ಚಿಹ್ನೆಗಳ ಚಾರ್ಟು, ಹೊರಗೆ ಒಂದು ಬಿಳಿ ಕಾರು. ಮೇಜಿನ ಹಿಂದೆ ಕೂತು ಅರ್ಜಿ ತುಂಬುವವಳು ನಾನು, ಅಂದರೆ ಅವರ ಹೆಂಡತಿಯ ತಂಗಿ. ಅರ್ಜಿಯಲ್ಲಿ ಗುರುತಿನ ಮಚ್ಚೆ ಕೇಳಿದಾಗ ಜನ ಏನೇನು ತೋರಿಸಲು ಬರುತ್ತಾರೆ ಎಂದು ಬರೆದರೆ ಅದೇ ಒಂದು ಪುಸ್ತಕವಾದೀತು, ಈಗ ಅದು ಬೇಡ.

ಕಾರು ಕಲಿಸುವ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲಬುಡದಲ್ಲಿ, ಇನ್ನೊಂದು ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಬುಡದಲ್ಲಿ. ಎರಡಕ್ಕೂ ಅಡಿಯಲ್ಲಿ ಒಂದು ಕಬ್ಬಿಣದ ಸರಳಿನ ನಂಟು. ಮೇಷ್ಟ್ರು ಈ ಕಡೆ ಒತ್ತಿದರೆ ಆ ಕಡೆಯ ಪೆಡಲೂ ತಾನಾಗಿ ಕೆಳಗಿಳಿಯುತ್ತದೆ. ಇದೊಂದು ನೆನಪಿರಲಿ, ಉಳಿದದ್ದನ್ನು ನಾನು ಹೇಳುತ್ತೇನೆ.

ಇಪ್ಪತ್ತಾರು ವರ್ಷ ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟು ಕೂತವರ ಕಾಲಿಗೆ ಅದರದ್ದೇ ಒಂದು ಬುದ್ಧಿ ಬಂದುಬಿಡುತ್ತದೆ. ಟಿವಿಯಲ್ಲಿ ಲಾರಿ ಬಂದರೆ ಭಾವನ ಬಲಗಾಲು ನೆಲ ಒತ್ತುತ್ತಿತ್ತು. ಊಟದ ಹೊತ್ತಿಗೆ ನಾನು ಸ್ವಲ್ಪ ಬಿರುಸಾಗಿ ಮಾತಾಡಿದರೂ ಒತ್ತುತ್ತಿತ್ತು. ಒಮ್ಮೆ ಹಲ್ಲಿನ ಡಾಕ್ಟರು ಡ್ರಿಲ್ಲು ಹಿಡಿದು ಹತ್ತಿರ ಬಂದದ್ದೇ ತಡ, ಭಾವ ಒತ್ತಿದ ರಭಸಕ್ಕೆ ಡಾಕ್ಟರ ಟ್ರೇ ಹಾರಿ ಮೂಲೆಗೆ ಹೋಗಿ ಬಿತ್ತು. ಕಾಲಿಗಿರುವ ಚುರುಕು ಬಾಯಿಗಿರಲಿಲ್ಲ. ಕ್ಲಚ್, ಗೇರ್, ಕನ್ನಡಿ, ಬ್ರೇಕ್, ಈ ನಾಲ್ಕು ಶಬ್ದದಲ್ಲಿ ಅವರ ದಿನ ಮುಗಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಅಕ್ಕ ನಮ್ಮಮ್ಮನಿಗೆ ಬರೆದ ಕಾಗದದಲ್ಲಿ, "ಇವರು ಬಹಳ ಒಳ್ಳೆಯವರು, ಮನೆಯಲ್ಲಿದ್ದಾರೋ ಇಲ್ಲವೋ ಗೊತ್ತೇ ಆಗುವುದಿಲ್ಲ" ಎಂದಿತ್ತು.

ಇಂಥವರ ಹೆಂಡತಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಊರಿನ ಅರ್ಧ ಜನ ನಮ್ಮ ಮನೆಯಂಗಳದಿಂದಲೇ ಕಲಿತು ಹೋದರು. ಅಕ್ಕ ಮಾತ್ರ ಪ್ರತಿದಿನ ಬೆಳಗ್ಗೆ ಬಕೆಟ್ಟು ಹಿಡಿದು ಆ ಕಾರು ಒರೆಸುತ್ತ ಬಂದಳು. ಐವತ್ತೊಂದು ತುಂಬಿದ ದಿನ ಒದ್ದೆ ಬಟ್ಟೆ ಹಿಂಡುತ್ತ ಹೇಳಿದಳು: "ನೋಡೇ, ಸಾಯೋದ್ರೊಳಗೆ ಒಂದೇ ಒಂದು ಸಲ ಈ ಊರನ್ನ ಒಂದು ಸುತ್ತು ಹಾಕ್ಬೇಕು. ನಾನೊಬ್ಬಳೇ. ಪಕ್ಕದಲ್ಲಿ ಯಾರೂ ಇರಬಾರದು." ಅವಳು ಜೀವನದಲ್ಲಿ ಬೇಕೆಂದು ಬಾಯಿಬಿಟ್ಟು ಕೇಳಿದ್ದು ಅಷ್ಟೇ, ಅದಕ್ಕೆ ನಾನೇ ಸಾಕ್ಷಿ.

ಭಾನುವಾರಗಳಂದು ಪಾಠ ಶುರುವಾಯಿತು. ಮೊದಲ ದಿನವೇ ಭಾವ ಎಲ್ಲ ಶಿಷ್ಯರಿಗೆ ಕಿರುಚುವ ಹಾಗೆ, "ಬ್ರೇಕ್! ಬ್ರೇಕ್ ಅಂದ್ರೆ ಕಿವಿ ಕೇಳ್ಸಲ್ವಾ?" ಎಂದು ಕಿರುಚಿದರು. ಅಕ್ಕ ಕಾರನ್ನು ನಡುರಸ್ತೆಯಲ್ಲಿ ಬಿಟ್ಟು ಇಳಿದು ಮನೆಗೆ ನಡೆದುಬಂದಳು. ಹನ್ನೊಂದು ದಿನ ಮಾತು ಬಿಟ್ಟಳು. ಭಾವನಂಥವರ ಜೊತೆ ಮಾತು ಬಿಟ್ಟರೆ ಅವರಿಗೆ ಗೊತ್ತಾಗಲಿಕ್ಕೇ ಏಳು ದಿನ ಬೇಕು. ಹನ್ನೆರಡನೆಯ ದಿನ ಅವರು ಬಂದು, ಕಾರಿನಲ್ಲಿ ಅವಳ ಮುಂದೆ ಆ ಶಬ್ದವನ್ನು ಇನ್ನೆಂದೂ ಆಡುವುದಿಲ್ಲ ಎಂದು ಮಾತು ಕೊಟ್ಟರು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೂರು ವರ್ಷ, ವಾರಕ್ಕೊಂದು ದಿನ, ಅಕ್ಕ ಊರೆಲ್ಲ ಸುತ್ತಿದಳು. ತಿರುವು ಬಂದರೆ ಕಾರು ಹಿಡಿದಿಟ್ಟ ಹಾಗೆ ನಿಧಾನವಾಗುತ್ತಿತ್ತು, ಕೆಂಪು ದೀಪ ಬಂದರೆ ಬೆಣ್ಣೆಯಂತೆ ನಿಲ್ಲುತ್ತಿತ್ತು. ನಾನೇ ಹಿಂದೆ ಕೂತು ಶಹಬ್ಬಾಸ್ ಅಂದಿದ್ದೇನೆ.

ಹಾಗಾಗಿ ಮೊದಲ ಪರೀಕ್ಷೆಯ ದಿನ ನಾವ್ಯಾರೂ ಹೆದರಿರಲಿಲ್ಲ. ಪರೀಕ್ಷೆಯ ಮೈದಾನದಲ್ಲಿ ಮೇಷ್ಟ್ರ ಜಾಗದಲ್ಲಿ ಇನ್‌ಸ್ಪೆಕ್ಟರು ಕೂರುತ್ತಾರೆ, ಆದರೆ ಆ ಎರಡನೆಯ ಬ್ರೇಕನ್ನು ಅವರು ಮುಟ್ಟುವಂತಿಲ್ಲ. ಮೇಷ್ಟ್ರು ಬೇಲಿಯ ಹೊರಗೆ. ಅಕ್ಕ ಎಂಟರ ಆಕಾರ ಹಾಕಿದಳು, ಏರು ಹತ್ತಿಸಿದಳು, ಕೊನೆಗೆ ನಿಲ್ಲಿಸಬೇಕಾದ ಬಿಳಿ ಗೆರೆ ಬಂತು. ಕಾರು ಗೆರೆ ದಾಟಿತು, ಬಾವುಟದ ಕೋಲು ದಾಟಿತು, ನೆರಳಿನಲ್ಲಿ ಹಾಕಿದ್ದ ಇನ್‌ಸ್ಪೆಕ್ಟರ ಮೇಜನ್ನು ತಳ್ಳಿಕೊಂಡು ಹೋಗಿ ಪೊದೆಯಲ್ಲಿ ನಿಂತಿತು. ಚಹಾದ ಲೋಟ ಬಾನೆಟ್ಟಿನ ಮೇಲೆ ಕೂತಿತ್ತು.

"ಗೆರೆ ಕಾಣಿಸ್ಲಿಲ್ವಾ ಅಮ್ಮ?"

"ಕಾಣಿಸ್ತು ಸಾರ್."

"ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?"

"ನಾನು ನಿಲ್ಲಿಸಿದೆ ಸಾರ್. ಅದೇ ನಿಲ್ಲಲಿಲ್ಲ."

ಬ್ರೇಕ್ ಕೆಟ್ಟಿದೆ ಎಂದು ಮೆಕ್ಯಾನಿಕ್ಕಿಗೆ ತೋರಿಸಿದೆವು. ಸರಿಯಿದೆ ಎಂದ. ಎರಡನೆಯ ಪರೀಕ್ಷೆಯಲ್ಲಿ ಮೇಜನ್ನು ಬೇರೆ ಕಡೆ ಇಟ್ಟಿದ್ದರು, ಕಾರು ಅದನ್ನೂ ಹುಡುಕಿಕೊಂಡು ಹೋಯಿತು. ಮೂರನೆಯ ಸಲವೂ ಫೇಲಾದರೆ ಮತ್ತೆ ಅರ್ಜಿ ಹಾಕಲು ಎರಡು ವರ್ಷ ಕಾಯಬೇಕು, ಆ ನಿಯಮವನ್ನು ಜನರಿಗೆ ಓದಿ ಹೇಳುವವಳೇ ನಾನು. ಅಕ್ಕನಿಗೆ ಐವತ್ನಾಲ್ಕು. ಮೊಣಕಾಲು ಆಗಲೇ ಗೊಣಗಲು ಶುರು ಮಾಡಿತ್ತು. "ಈ ಸಲ ಆಗ್ಲಿಲ್ಲ ಅಂದ್ರೆ ಮತ್ತೆ ಕೇಳಲ್ಲ, ಬಿಡು" ಎಂದಳು.

ಮುಂದಿನ ಭಾನುವಾರ ನಾನು ಹಿಂದಿನ ಸೀಟಿನಿಂದ ರಸ್ತೆ ನೋಡುವುದು ಬಿಟ್ಟು ಕಾಲುಗಳನ್ನು ನೋಡಿದೆ. ತಿರುವು ಬಂತು. ಅಕ್ಕ ಪೆಡಲಿನ ಮೇಲೆ ಹೂವಿಟ್ಟ ಹಾಗೆ ಕಾಲಿಟ್ಟಳು, ಅಷ್ಟೇ. ಅದೇ ಗಳಿಗೆಯಲ್ಲಿ ಭಾವನ ಬಲಗಾಲು ಸದ್ದಿಲ್ಲದೆ ಒತ್ತಿತು. ಅಕ್ಕನ ಕಾಲ ಕೆಳಗೆ ಪೆಡಲು ತಾನಾಗಿ ಇಳಿಯಿತು. ಇಳಿಸಿದ್ದು ತಾನೇ ಎಂದು ಅವಳ ಮುಖ ಹೇಳುತ್ತಿತ್ತು. ಮೂರು ವರ್ಷ ನನ್ನ ಅಕ್ಕ ಒಮ್ಮೆಯೂ ಬ್ರೇಕ್ ಹಾಕಿರಲಿಲ್ಲ! ಆ ಶಬ್ದ ಆಡುವುದಿಲ್ಲವೆಂದು ಮಾತು ಕೊಟ್ಟ ಮಹಾನುಭಾವರು ಅದನ್ನು ಪೂರ್ತಿಯಾಗಿ ಕಾಲಿಗೆ ವಹಿಸಿದ್ದರು.

ಮನೆಗೆ ಬಂದು ಭಾವನನ್ನು ಒಬ್ಬರನ್ನೇ ಹಿಡಿದು ಕೇಳಿದೆ. "ನಾನು ಒತ್ತಲ್ಲ" ಎಂದರು. ನಾನು ಒಂದು ಸ್ಟೂಲನ್ನು ಅವರ ಕಡೆಗೆ ತಳ್ಳಿದೆ. ಕಾಲು ಒತ್ತಿತು. ಅವರು ತಮ್ಮದೇ ಕಾಲನ್ನು ಯಾರದೋ ನೆಂಟರ ಕಾಲೆಂಬಂತೆ ನೋಡಿದರು.

"ಅವಳಿಗೆ ಹೇಳ್ಬೇಡ" ಎಂದರು ಮೆಲ್ಲಗೆ. "ತಾನೇ ಓಡಿಸ್ತಿದೀನಿ ಅಂದ್ಕೊಂಡಿದಾಳೆ. ಗೊತ್ತಾದ್ರೆ ಮತ್ತೆ ಕಾರು ಹತ್ತಲ್ಲ."

ಅದೂ ನಿಜವೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎರಡು ಭಾನುವಾರ ನಾವು ಅಕ್ಕನಿಗೆ ತಿಳಿಯದಂತೆ ಆ ಕಾಲಿನ ಜೊತೆ ಹೋರಾಡಿದೆವು. ಚಕ್ಕಳಮಕ್ಕಳ ಹಾಕಿ ಕೂರಿಸಿದೆ, ತಿರುವು ಬಂದಾಗ ಕಾಲು ಗಂಟು ಬಿಚ್ಚಿಕೊಂಡು ಇಳಿಯಿತು. ಮೊಣಕಾಲು ನೋವೆಂದು ನೆಪ ಹೇಳಿ ಟವೆಲಿನಿಂದ ಕಾಲನ್ನು ಸೀಟಿಗೆ ಕಟ್ಟಿದೆ, ಸೀಟೇ ಮುಂದೆ ಜರುಗಿ ಬ್ರೇಕ್ ಒತ್ತಿತು. ಪಕ್ಕದಲ್ಲಿ ಬೇರೆ ಯಾರನ್ನಾದರೂ ಕೂರಿಸೋಣವೆಂದರೆ ಕಲಿಸುವ ಲೈಸೆನ್ಸ್ ಇದ್ದವರೇ ಬೇಕು, ನಮ್ಮಲ್ಲಿ ಅದಿದ್ದದ್ದು ಭಾವನಿಗೆ ಮಾತ್ರ. ಇನ್ನೊಂದು ಸ್ಕೂಲಿಗೆ ಕಳಿಸೋಣವೆಂದರೆ, ಬ್ರೇಕ್ ಮೇಷ್ಟ್ರ ಹೆಂಡತಿ ಪರರ ಹತ್ತಿರ ಬ್ರೇಕ್ ಕಲಿತಳೆಂದು ಊರು ನಗುವುದಿಲ್ಲವೇ? ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು.

ಆಗ ಬೋರ್ಡು ಬಿತ್ತು.

ಸ್ಕೂಲಿನ ಬಾಗಿಲ ಮೇಲೆ ಹನ್ನೆರಡು ಅಡಿ ಉದ್ದದ ಕಬ್ಬಿಣದ ಬೋರ್ಡು, ಅದರ ಮೇಲೆ 'ಸುರಕ್ಷತೆಯೇ ನಮ್ಮ ಉಸಿರು' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಗಾಳಿಯಿಲ್ಲ, ಮಳೆಯಿಲ್ಲ, ಮಂಗಳವಾರ ಬೆಳಗ್ಗೆ ಅದು ಸುಮ್ಮನೆ ಕಳಚಿ ಕಾರಿನ ಮೇಲೆ ಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ಒಳಗೆ ಯಾರೂ ಇರಲಿಲ್ಲ, ಪುಣ್ಯ. ಟಾಪು ಅಪ್ಪಚ್ಚಿಯಾಗಿತ್ತು. ಟಿಂಕರ್ ಬಂದು ತಲೆ ಕೆರೆದುಕೊಂಡು, ಎರಡು ತಾಸು ಕಟ್ಟರ್ ಹಾಕಿ, ಮುಂದಿನ ಗಾಜೊಂದನ್ನು ಬಿಟ್ಟು ಮೇಲಿನದನ್ನೆಲ್ಲ ಕತ್ತರಿಸಿ ತೆಗೆದ. ಹರಿತ ಅಂಚುಗಳಿಗೆ ರಬ್ಬರು ಸುತ್ತಿದ. ಹೊಸ ಟಾಪು ಕೂರಿಸಲು ಹತ್ತು ದಿನ ಬೇಕು ಎಂದ.

"ಅಲ್ಲಿವರೆಗೆ ಪಾಠ ಇಲ್ಲ" ಎಂದರು ಭಾವ.

"ಅಲ್ಲಿವರೆಗೆ ಪಾಠ ಇದೆ" ಎಂದಳು ಅಕ್ಕ. ಆವತ್ತಿನಿಂದ ದಿನಾ ಅಭ್ಯಾಸ ಮಾಡುವುದೆಂದು ಅವಳು ತೀರ್ಮಾನಿಸಿದ್ದಳು. ತಲೆಗೊಂದು ಸ್ಕಾರ್ಫು ಬಿಗಿದು ಸ್ಟೀರಿಂಗ್ ಮುಂದೆ ಕೂತಳು. ಭಾವ ಬಿಸಿಲಿಗೆಂದು ಕೊಡೆ ಬಿಚ್ಚಿ ಹಿಡಿದು ಪಕ್ಕದಲ್ಲಿ ಕೂತರು. ಎರಡನೆಯ ಗೇರಿಗೆ ಕೊಡೆ ಉಲ್ಟಾ ಆಯಿತು, ಮೂರನೆಯದಕ್ಕೆ ಕೈಬಿಟ್ಟು ಹೋಯಿತು.

ಟಾಪಿಲ್ಲದ ಕಾರಿನ ಸುಖ ನಮಗ್ಯಾರಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾವು ಊರನ್ನು ಗಾಜಿನ ಆಚೆ ನೋಡಿದ್ದೆವು. ಈಗ ಊರೇ ಒಳಗೆ ಬಂತು. ಬೇಕರಿಯ ಮುಂದೆ ಬಿಸಿ ಬ್ರೆಡ್ಡಿನ ವಾಸನೆ, ಪ್ರೆಸ್ಸಿನ ಮುಂದೆ ಶಾಯಿಯ ವಾಸನೆ, ಮೇಲೆ ನೋಡಿದರೆ ಮರಗಳ ಹೊಟ್ಟೆ. ಜೊತೆಗೆ ಜನ. ಕಾರಿಗೆ ಗಾಜು, ಟಾಪು ಇರುವವರೆಗೆ ಅದು ಕಾರು. ಅವೆರಡೂ ಹೋದ ಮೇಲೆ ಅದು ಜಗಲಿ, ಯಾರು ಬೇಕಾದರೂ ಮಾತಾಡಿಸಬಹುದು. ಸಿಗ್ನಲ್ಲಿನಲ್ಲಿ ನಿಂತರೆ ಬಸ್ಸಿನ ಕಿಟಕಿಯಿಂದ ಕೆಳಗೆ ಬಗ್ಗಿ, "ಅಮ್ಮಾ, ನ್ಯೂಟ್ರಲ್‌ಗೆ ಹಾಕಿ" ಅನ್ನುತ್ತಿದ್ದರು. ಅಂಚೆಯವರು ನಮ್ಮ ಮನೆಯ ಕಾಗದಗಳನ್ನು ನೇರ ಅಕ್ಕನ ಮಡಿಲಿಗೆ ಹಾಕಿ, "ಆ ಬೀದಿಗೆ ಬರೋದು ತಪ್ಪಿತು" ಎಂದು ಸೈಕಲ್ ತಿರುಗಿಸಿದರು. ಊರುಗೋಲಿನ ಅಜ್ಜ ಒಬ್ಬರು ಯಾರನ್ನೂ ಕೇಳದೆ ಬಾಗಿಲ ಮೇಲಿಂದ ಕಾಲು ದಾಟಿಸಿ ನನ್ನ ಪಕ್ಕ ಕೂತು, "ಮುಂದಿನ ತಿರುವಲ್ಲಿ ಇಳೀತೀನಿ" ಎಂದರು. ಅವರ ತಿರುವು ಬಂದಾಗ ಇಳಿಯಲೂ ಇಲ್ಲ.

ಇವರಲ್ಲಿ ಅರ್ಧದಷ್ಟು ಜನ ಭಾವನ ಹಳೆಯ ಶಿಷ್ಯರು. ಇಷ್ಟು ವರ್ಷ ಗಾಜು ಏರಿಸಿಕೊಂಡು ರಸ್ತೆಯನ್ನೇ ನೋಡುತ್ತಿದ್ದ ಮೇಷ್ಟ್ರಿಗೆ ಹೇಳಲಾಗದೆ ಉಳಿದ ಮಾತನ್ನೆಲ್ಲ ಈಗ ಹೇಳತೊಡಗಿದರು. ಕಟಿಂಗ್ ಶಾಪಿನವನು ಕೈಯಲ್ಲಿ ಬಾಚಣಿಗೆ ಹಿಡಿದೇ ಹೊರಗೆ ಬಂದ. ಕುರ್ಚಿಯಲ್ಲಿ ಅರ್ಧ ಕ್ಷೌರವಾದ ತಲೆಯೊಂದು ಕಾಯುತ್ತಿತ್ತು.

"ಮೇಷ್ಟ್ರೇ, ಹದಿನೈದು ವರ್ಷ ಆಯ್ತು, ಕೇಳ್ಬೇಕು ಅಂದ್ಕೊಂಡೇ ಇದ್ದೆ. ನನ್ನ ಕೈಗೆ ಸ್ಕೇಲಲ್ಲಿ ಯಾಕೆ ಹೊಡೆದ್ರಿ?"

ಭಾವ ಯೋಚಿಸಿದರು. "ಗೇರ್ ಬಿಟ್ಟು ನನ್ನ ಮೊಣಕಾಲು ಹಿಡಿದಿದ್ದೆ" ಎಂದರು.

ಅವನು ನಕ್ಕ. ಭಾವನೂ ನಕ್ಕರು. ಅವರು ನಗುವಾಗ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಸ್ವಲ್ಪ ಓರೆಯಿದೆ ಎಂದು ನನಗೆ ಆವತ್ತೇ ತಿಳಿದದ್ದು. ನಾಲ್ಕನೆಯ ದಿನದ ಹೊತ್ತಿಗೆ ಅವರು ವಾಚಾಳಿಯಾಗಿದ್ದರು. ಇಪ್ಪತ್ತಾರು ವರ್ಷ ಕೂಡಿಟ್ಟ ಮಾತು ಕಟ್ಟೆ ಒಡೆದು ಬಂದಿತ್ತು. ಒಂದು ದಿನ ಮಳೆ ಬಂತು, ಕಾರು ಬಾನಿಯಂತೆ ತುಂಬಿತು, ಪಾದ ಮುಳುಗುವ ನೀರಿನಲ್ಲಿ ಕೂತು ಅವರು ಔಷಧಿ ಅಂಗಡಿಯವರಿಗೆ ಹಾಫ್ ಕ್ಲಚ್ ಅಂದರೇನು ಎಂದು ಕೂಗಿ ವಿವರಿಸುತ್ತಿದ್ದರು. ಟಿಂಕರ್ ಆಮೇಲೆ ಕಾರಿನ ತಳಕ್ಕೆ ನಾಲ್ಕು ತೂತು ಕೊರೆದುಕೊಟ್ಟ.

ಆರನೆಯ ದಿನ ಆಗಬೇಕಾದದ್ದು ಆಯಿತು. ಕಟಿಂಗ್ ಶಾಪು ಹಿಂದೆ ಉಳಿದರೂ ಅವನ ಜೊತೆಗಿನ ವಾದ ಮುಗಿದಿರಲಿಲ್ಲ. ಭಾವ ಸೀಟಿನ ಮೇಲೆ ಮಂಡಿಯೂರಿ, ಹಿಂದಕ್ಕೆ ತಿರುಗಿ, ಕೈ ಬಾಯಿಗೆ ಒಡ್ಡಿ ಕೂಗುತ್ತಿದ್ದರು. ಅವರ ಬಲಗಾಲು ಗಾಳಿಯಲ್ಲಿತ್ತು. ಮುಂದೆ ಹಾಸಿಗೆ ಅಂಗಡಿಯ ಇಬ್ಬರು ಒಂದು ದೊಡ್ಡ ಹಾಸಿಗೆ ಹೊತ್ತು ರಸ್ತೆ ದಾಟುತ್ತಿದ್ದರು. ಅಕ್ಕ ಯಥಾಪ್ರಕಾರ ಹೂವಿಟ್ಟಳು. ಕಾರು ಹೋಗುತ್ತಲೇ ಇತ್ತು. ನಾನು ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಗ ಅಕ್ಕ ಹಲ್ಲು ಕಚ್ಚಿ, ಸೊಂಟದಿಂದ ಬಲ ಹಾಕಿ ಒತ್ತಿದಳು.

ಕಾರು ಹಾಸಿಗೆಗೆ ಒಂದು ಗೇಣು ಇರುವಾಗ ನಿಂತಿತು. ಭಾವ ಹಿಮ್ಮುಖವಾಗಿ ಹೋಗಿ ಡ್ಯಾಶ್‌ಬೋರ್ಡಿನ ಮೇಲೆ ಕೂತರು.

"ಇದು ಗಟ್ಟಿಯಾಗಿದೆ" ಎಂದಳು ಅಕ್ಕ, ತನ್ನ ಕಾಲನ್ನೇ ನೋಡುತ್ತ. "ಇಷ್ಟು ದಿನ ಮೆತ್ತಗಿತ್ತಲ್ಲ?"

ನಾನು ಆಕಾಶ ನೋಡಿದೆ. ಅಕ್ಕ ದಡ್ಡಿಯಲ್ಲ. ಅವಳು ಒಮ್ಮೆ ತನ್ನ ಪೆಡಲು ನೋಡಿದಳು, ಒಮ್ಮೆ ಭಾವನ ಪೆಡಲು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಹಾಗಾದ್ರೆ ಮೂರು ವರ್ಷ ಓಡಿಸಿದ್ದು ಯಾರ್ರೀ?"

"ನೀನೇ" ಎಂದರು ಭಾವ. "ನಿಲ್ಲಿಸಿದ್ದು ಮಾತ್ರ..."

"ಎರಡು ಸಲ ಅಷ್ಟು ಜನರ ಮುಂದೆ ಮೇಜು ತಳ್ಕೊಂಡು ಹೋದೆ. ಮನೆಗೆ ಬಂದು ಅತ್ತೆ. ನನ್ನ ಕಾಲಲ್ಲೇ ಏನೋ ದೋಷ ಇದೆ ಅಂತ ಎಣ್ಣೆ ಹಚ್ಚಿ ತಿಕ್ಕೊಂಡೆ. ಆಗ್ಲೂ ಹೇಳ್ಲಿಲ್ಲ ನೀವು!"

ಮುಚ್ಚಿದ ಕಾರಾಗಿದ್ದರೆ ಈ ಜಗಳ ಒಳಗೇ ಉಳಿಯುತ್ತಿತ್ತು. ಇಲ್ಲಿ ಇಡೀ ರಸ್ತೆ ನಿಂತು ಕೇಳಿತು. ಹಾಸಿಗೆಯವರು ಹಾಸಿಗೆಯನ್ನು ಬಾನೆಟ್ಟಿನ ಮೇಲೆ ಒರಗಿಸಿ ನಿಂತರು. ಕಟಿಂಗ್ ಶಾಪಿನವನು ಓಡಿಬಂದು, "ಅಮ್ಮ ಹೇಳೋದು ಸರಿ ಮೇಷ್ಟ್ರೇ" ಎಂದ. ಮೇಷ್ಟ್ರದ್ದೂ ತಪ್ಪಿಲ್ಲ ಎಂದು ಬಸ್ಸಿನಿಂದ ಒಬ್ಬರು ಕೂಗಿದರು. ಅಜ್ಜ ಊರುಗೋಲೆತ್ತಿ, ಎರಡೂ ಕಡೆಯವರು ಸರದಿಯಲ್ಲಿ ಮಾತಾಡಬೇಕೆಂದು ಅಪ್ಪಣೆ ಮಾಡಿದರು.

ಭಾವ ಡ್ಯಾಶ್‌ಬೋರ್ಡಿನ ಮೇಲೆ ಕೂತೇ ಹೇಳಿದರು: "ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಬೇರೆಯವರಿಗೆ ಕಲಿಸೋವಾಗ ಭಯ ಇಲ್ಲ. ನೀನು ಕೂತ್ರೆ ಕಾಲು ನನ್ನ ಮಾತು ಕೇಳಲ್ಲ."

ಅಷ್ಟು ಉದ್ದದ ಮಾತನ್ನು ಅವರು ಹೆಂಡತಿಗೆ ಅದೇ ಮೊದಲ ಸಲ ಹೇಳಿದ್ದು, ಅದೂ ಅರವತ್ತು ಜನರ ಮುಂದೆ. ಅಕ್ಕ ಇಳಿದು ಮನೆಗೆ ನಡೆದಳು. ಕಾರಿಗೆ ಅಡ್ಡವಿದ್ದ ಹಾಸಿಗೆಯನ್ನು ಪಕ್ಕಕ್ಕೆ ತಳ್ಳಿಯೇ ಹೋದಳು.

ಈ ಸಲ ಹನ್ನೊಂದು ದಿನ ಕಾಯಲು ಪುರುಸೊತ್ತಿರಲಿಲ್ಲ, ಪರೀಕ್ಷೆಗೆ ಉಳಿದದ್ದೇ ಹದಿನಾಲ್ಕು ದಿನ. ಮರುದಿನ ಬೆಳಗ್ಗೆ ನಾನು ಕಟಿಂಗ್ ಶಾಪಿಗೆ ಹೋದೆ. ಹೆಂಗಸೊಬ್ಬಳು ಒಳಗೆ ಬಂದದ್ದು ನೋಡಿ ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ಎದ್ದು ನಿಂತರು. ವಿಷಯ ಸರಳ: ಮೇಷ್ಟ್ರು ಮಾತಿನಲ್ಲಿ ಮುಳುಗಿದಾಗ ಕಾಲು ಮಲಗುತ್ತದೆ. ಹಾಗಾದರೆ ಅವರನ್ನು ಮಾತಾಡಿಸುತ್ತಲೇ ಇರಬೇಕು. ಕಟಿಂಗ್ ಶಾಪಿನವನು ಗಿರಾಕಿಗಳನ್ನು ಕಾಯಿಸಿ ಒಂದು ಹಾಳೆ ಬರೆದ. ತಿರುವಿಗೊಬ್ಬರು, ಸಿಗ್ನಲ್ಲಿಗಿಬ್ಬರು, ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ. ಟಯರಿನ ಗಾಳಿ ಬೇಕರಿಯವರಿಗೆ, ಇಳಿಜಾರಿನ ಗೇರು ಅಂಚೆಯವರಿಗೆ. ಅಜ್ಜ ಮಾತ್ರ ತಮಗೆ ಬೇಕಾದ್ದನ್ನೇ ಕೇಳುತ್ತೇನೆಂದು ಹಟ ಹಿಡಿದರು.

ಅಕ್ಕನನ್ನು ಒಪ್ಪಿಸಲು ಕಷ್ಟವಾಗಲಿಲ್ಲ. ಅವಳಿಗೆ ಕೋಪವಿತ್ತು, ಆದರೆ ಪೆಡಲಿನ ಗಟ್ಟಿತನ ಕಾಲಿಗೆ ಒಮ್ಮೆ ತಿಳಿದುಬಿಟ್ಟಿತ್ತು. "ಇನ್ನೊಂದು ಸಲ ಒತ್ತಿ ನೋಡ್ಬೇಕು" ಎಂದಳು. ಭಾವನಿಗೆ ನಾವು ಏನೂ ಹೇಳಲಿಲ್ಲ. ರಸ್ತೆಯುದ್ದಕ್ಕೂ ಜನ ತಮ್ಮನ್ನು ಅಷ್ಟು ಆಸೆಯಿಂದ ಮಾತಾಡಿಸುವುದು ನೋಡಿ ಅವರು ಹೋಗಿ ಎರಡು ಹೊಸ ಶರಟು ಕೊಂಡರು. ಅಜ್ಜ ಪ್ರತಿದಿನ ಅದೇ ಜಾಗದಲ್ಲಿ ಅದೇ ಪ್ರಶ್ನೆ ಕೇಳುತ್ತಿದ್ದರು: "ಮೇಷ್ಟ್ರೇ, ಮುಂದೆ ಹೋಗೋಕೆ ಐದು ಗೇರು, ಹಿಂದೆ ಹೋಗೋಕೆ ಯಾಕೆ ಒಂದೇ?" ಭಾವ ಪ್ರತಿದಿನ ಹೊಸದಾಗಿ ಉತ್ತರ ಹೇಳುತ್ತಿದ್ದರು. ಆ ಉತ್ತರ ಮುಗಿಯುವುದರೊಳಗೆ ಅಕ್ಕ ಆರು ಸಲ ಬ್ರೇಕ್ ಹಾಕಿರುತ್ತಿದ್ದಳು. ಮೊದಮೊದಲು ನಾವೆಲ್ಲ ಮುಗ್ಗರಿಸಿ ಮುಂದಿನವರ ಬೆನ್ನಿಗೆ ಹಣೆ ಬಡಿದುಕೊಂಡೆವು, ಆಮೇಲೆ ಅಷ್ಟಾಗಿ ಇಲ್ಲ.

ಹತ್ತನೆಯ ದಿನ ಟಿಂಕರ್ ಬಂದು, "ಟಾಪ್ ರೆಡಿ ಅಮ್ಮ, ಕೂರಿಸ್ಲಾ?" ಎಂದ.

"ಯಾಕೆ ಅವಸರ? ಇರಲಿ ಬಿಡಪ್ಪ" ಎಂದಳು ಅಕ್ಕ. ಬಿಸಿಲಿಗೆ ಅವಳ ಮುಖ ಕಂದು ಬಣ್ಣಕ್ಕೆ ತಿರುಗಿತ್ತು. ಕೂದಲು ಸ್ಕಾರ್ಫಿನಿಂದ ಹೊರಬಂದು ಹಾರುತ್ತಿತ್ತು. ನನ್ನ ಅಕ್ಕ ಚೆಲುವೆ ಎಂದು ನನಗೆ ಆ ವಯಸ್ಸಿನಲ್ಲಿ ಅನ್ನಿಸಿತು, ಹೊಟ್ಟೆಕಿಚ್ಚೂ ಆಯಿತು.

ಪರೀಕ್ಷೆಯ ದಿನ ಕಚೇರಿಯ ಗುಮಾಸ್ತರು ಕಾರನ್ನು ಮೂರು ಸುತ್ತು ಹಾಕಿ ನೋಡಿದರು. ನಮೂನೆಯಲ್ಲಿ ಚಕ್ರಕ್ಕೆ ಜಾಗವಿತ್ತು, ದೀಪಕ್ಕೆ ಜಾಗವಿತ್ತು, ಹಾರನ್ನಿಗೂ ಇತ್ತು, ಟಾಪಿಗೆ ಇರಲಿಲ್ಲ. "ಕೇಳದೆ ಇರೋದನ್ನ ನಾವ್ಯಾಕೆ ಬರೀಬೇಕು?" ಎಂದು ಮುದ್ರೆ ಒತ್ತಿದರು. ಇನ್‌ಸ್ಪೆಕ್ಟರು ಮೇಜನ್ನು ಕಟ್ಟಡದೊಳಗೆ ಇಡಿಸಿ, ಫೈಲು ಹಿಡಿದು ಕಾರು ಹತ್ತಿದರು.

ಬೇಲಿಯ ಹೊರಗೆ ನಮ್ಮ ರಸ್ತೆಯೇ ಬಂದು ನಿಂತಿತ್ತು. ಅಕ್ಕ ಎಂಟು ಹಾಕಿದಳು, ಏರು ಹತ್ತಿಸಿದಳು, ಗೆರೆಯ ಕಡೆ ತಿರುಗಿದಳು. ಅಭ್ಯಾಸಬಲದಿಂದ ಅಜ್ಜ, "ಮೇಷ್ಟ್ರೇ, ಹಿಂದೆ ಹೋಗೋಕೆ ಯಾಕೆ ಒಂದೇ ಗೇರು?" ಎಂದರು. ಭಾವ ಬೇಲಿಯ ತಂತಿ ಹಿಡಿದು ಗೆರೆಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಗಾಳಿ ಬೀಸಿ ಇನ್‌ಸ್ಪೆಕ್ಟರ ಫೈಲು ಬಿಚ್ಚಿಕೊಂಡಿತು. ಹಾಳೆಗಳು ಕೊಕ್ಕರೆ ಹಿಂಡಿನಂತೆ ಎದ್ದವು. ಅವರು ಹಿಡಿಯಲು ಸೀಟಿನ ಮೇಲೆ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದರು. ಅಕ್ಕ ಅವರ ಕಡೆ ನೋಡಲಿಲ್ಲ, ಹಾಳೆಗಳ ಕಡೆ ನೋಡಲಿಲ್ಲ. ಮುಂದಿನ ಚಕ್ರ ಗೆರೆಯನ್ನು ಮುಟ್ಟಿ ನಿಂತಿತು.

"ಪಾಸ್" ಎಂದರು ಇನ್‌ಸ್ಪೆಕ್ಟರು, ಇನ್ನೂ ನಿಂತುಕೊಂಡೇ. ಬರೆಯಲು ಹಾಳೆ ಇರಲಿಲ್ಲ. ಅಂಚೆಯವರು ಸೈಕಲ್ ಬಿಟ್ಟು ಓಡಿ, ಅದನ್ನು ಮೂರನೆಯ ಮನೆಯ ಹಿತ್ತಿಲಿನಿಂದ ತಂದು, ವಿಳಾಸ ನೋಡಿ ಅವರ ಕೈಗೇ ತಲುಪಿಸಿದರು.

ಲೈಸೆನ್ಸು ಕೈಗೆ ಬಂದ ದಿನ ಸಂಜೆ ಅಕ್ಕ ಕಾರು ಒರೆಸಿ, ಸ್ಕಾರ್ಫು ಬಿಗಿದು, ಒಬ್ಬಳೇ ಕೂತಳು. ಯಾವ ದಾರಿ, ಎಷ್ಟು ಹೊತ್ತು ಎಂದು ಭಾವ ಕೇಳಲಿಲ್ಲ. ಕೇಳಬೇಡಿ ಎಂದು ನಾನು ಹೇಳಿದ್ದೆ. ಕಾರು ತಿರುವಿನಲ್ಲಿ ಮರೆಯಾಯಿತು. ಊರಿನ ಒಂದು ಸುತ್ತಿಗೆ ಇಪ್ಪತ್ತು ನಿಮಿಷ ಸಾಕು. ಇಪ್ಪತ್ತಾಯಿತು, ಮೂವತ್ತಾಯಿತು. ಭಾವ ಗೇಟಿನವರೆಗೆ ಹೋಗುವುದು, ಬರುವುದು. ಜಗಲಿಯಂಥ ಆ ಕಾರಿಗೆ ಊರೆಲ್ಲ ಹತ್ತಿಕೂತಿರುತ್ತದೆ, ಪಾಪ, ಒಬ್ಬಳೇ ಹೋಗುವ ಅವಳ ಆಸೆ ನೀರುಪಾಲಾಯಿತು ಎಂದೇ ನಾನು ಎಣಿಸಿದೆ.

ಐವತ್ತನೆಯ ನಿಮಿಷಕ್ಕೆ ಅವಳು ಬಂದಳು. ಕಾರಿನಲ್ಲಿ ಯಾರೂ ಇರಲಿಲ್ಲ.

"ಒಬ್ಬರೂ ಮಾತಾಡಿಸ್ಲಿಲ್ಲ ನೋಡೇ" ಎಂದಳು. "ಎಲ್ಲಾ ಬಾಗಿಲಲ್ಲಿ ನಿಂತಿದ್ರು, ಒಬ್ಬರೂ ಬಾಯಿ ಬಿಡ್ಲಿಲ್ಲ. ಆ ಅಜ್ಜ ಕೂಡ ಕೋಲು ಎತ್ತಿದ್ದಷ್ಟೇ. ಅದಕ್ಕೇ ಎರಡು ಸುತ್ತು ಹಾಕಿದೆ." ಅವಳ ಕೆನ್ನೆ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಗಾಳಿಗೆ ಎಂದಳು. ನಾನು ನಂಬಲಿಲ್ಲ. ಆ ಬಾಯಿಬಡುಕ ರಸ್ತೆ ಐವತ್ತು ನಿಮಿಷ ಅವಳಿಗಾಗಿ ಮಾತು ಹಿಡಿದಿಟ್ಟುಕೊಂಡಿತ್ತು. ಅವರನ್ನು ನಾನು ಇಷ್ಟು ದಿನ ಬೈದದ್ದಕ್ಕೆಲ್ಲ ನಾಚಿಕೆಯಾಯಿತು.

ಭಾವ ಗೇಟಿನ ಹತ್ತಿರ ಹೊಸ ಶರಟು ಹಾಕಿಕೊಂಡು ನಿಂತಿದ್ದರು. "ನಾನೂ ಬರ್ಲಾ?" ಎಂದರು, ಸ್ಕೂಲಿಗೆ ಸೇರಲು 'ಜಾಗ ಇದೆಯಾ' ಎಂದು ಕೇಳಲು ಬರುವವರ ದನಿಯಲ್ಲಿ.

ಅಕ್ಕ ಪಕ್ಕದ ಸೀಟನ್ನು ನೋಡಿದಳು. "ಹಿಂದೆ ಕೂತ್ಕೊಳ್ಳಿ" ಎಂದಳು.

ಭಾವ ಹಿಂದೆ ಕೂತರು. ಇಪ್ಪತ್ತಾರು ವರ್ಷದಲ್ಲಿ ಆ ಸೀಟು ಅವರು ಮುಟ್ಟಿರಲಿಲ್ಲ, ಎಲ್ಲಿ ಕೈಯಿಡಬೇಕೆಂದು ತಿಳಿಯದೆ ತಡಕಾಡಿದರು. ನಾನು ಮುಂದೆ ಕೂತೆ. ಕಾರು ಹೊರಟಿತು. ಬೇಕರಿ ದಾಟಿತು, ಪ್ರೆಸ್ಸು ದಾಟಿತು. ಕಟಿಂಗ್ ಶಾಪಿನವನು ಇನ್ನು ತಡೆಯಲಾರದೆ, "ಮೇಷ್ಟ್ರೇ!" ಎಂದು ಕೂಗಿದ. ನಾನು ತಿರುಗಿ ನೋಡಿದೆ. ಭಾವ ತಲೆಯನ್ನು ಸೀಟಿನ ಅಂಚಿಗೆ ಆನಿಸಿ, ಕಾಲು ಚಾಚಿ, ಬಾಯಿ ತುಸು ತೆರೆದು ಗೊರಕೆ ಹೊಡೆಯುತ್ತಿದ್ದರು.

"ಅಕ್ಕ, ಮಲಗಿಬಿಟ್ರು" ಎಂದೆ.

ಅಕ್ಕ ಕನ್ನಡಿಯಲ್ಲಿ ನೋಡಿದಳು, ಬಹಳ ಹೊತ್ತಲ್ಲ, ರಸ್ತೆ ನೋಡಬೇಕಲ್ಲ. ಎದುರಿಗೆ ಕೆಂಪು ದೀಪ ಬಂತು. ಅವಳು ದೂರದಿಂದಲೇ ಬ್ರೇಕಿನ ಮೇಲೆ ಕಾಲಿಟ್ಟು, ಸ್ವಲ್ಪ ಸ್ವಲ್ಪವಾಗಿ ಒತ್ತುತ್ತ ಬಂದು, ಅವರಿಗೆ ಎಚ್ಚರವಾಗದ ಹಾಗೆ ಕಾರು ನಿಲ್ಲಿಸಿದಳು.